ಆಸ್ಪತ್ರೆಗಲ್ಲದ ಪ್ರಯಾಣ



ಕಾಯಿಲೆಯವರನ್ನು ಕಟ್ಟಿಕೊಂಡು ನಮ್ಮ ಉತ್ತರ ಕನ್ನಡದವರಷ್ಟು ರಸ್ತೆ ಸವೆಸಿದವರು ಇನ್ನಾರೂ ಇರಲಿಕ್ಕಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ಒಂದು ಗಳಿಗೆ ನಿಂತು ನೋಡಿ. ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದವರು ಎಷ್ಟು ಮಂದಿ! ಒಬ್ಬರು ಮಣಿಪಾಲಕ್ಕೆ, ಒಬ್ಬರು ಮಂಗಳೂರಿಗೆ, ಒಬ್ಬರು ಘಟ್ಟ ಹತ್ತಿ ಹುಬ್ಬಳ್ಳಿಗೆ, ಮತ್ತೊಬ್ಬರು ಕಾರವಾರದ ಮೇಲಿಂದ ಗೋವೆಯ ಬಾಂಬೋಳಿಗೆ. ರೋಗಿಗೆ ತ್ರಾಸು, ಪ್ರಯಾಣ ಆಗುವುದಿಲ್ಲ ಎಂದು ಆಗ ಯಾರೂ ಹೇಳುವುದಿಲ್ಲ. ಆದರೆ ಅದೇ ಮನುಷ್ಯನನ್ನು ಜಾತ್ರೆಗೆ ಕರಕೊಂಡು ಹೋಗುತ್ತೇನೆ ಅನ್ನಿ, ಊರಿಗೆ ಊರೇ ಬುದ್ಧಿ ಹೇಳಲು ಬರುತ್ತದೆ. "ಅಷ್ಟು ದೂರ ಹ್ಯಾಗೆ ಮಾರಾಯ್ತಿ? ಏನಾದರೂ ಆದರೆ?"

ಏನಾದರೂ ಆಗುವುದು ಮನೆಯಲ್ಲಿದ್ದರೂ ಆಗುತ್ತದೆ. ಈ ಮಾತನ್ನು ನಾನು ಹೇಳಿದ್ದಲ್ಲ, ನಮ್ಮನೆಯವರು ಹೇಳಿದ್ದು.

ನಮ್ಮನೆಯವರು ೨೦೧೭ರಲ್ಲಿ ಅಡಿಕೆ ಮರದಿಂದ ಬಿದ್ದರು. ಬೆನ್ನುಹುರಿಗೆ, ಸೊಂಟದ ಸ್ವಲ್ಪ ಮೇಲೆ, ಪೆಟ್ಟಾಯಿತು. ಅಲ್ಲಿಂದ ಕೆಳಗೆ ಶಕ್ತಿಯೂ ಇಲ್ಲ, ಸ್ಪರ್ಶವೂ ಇಲ್ಲ. (ಈಗ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ತೋಟವಿದ್ದವರು ಹಣ ಹೊಂದಿಸಿ ಒಂದನ್ನು ತರಿಸಿಕೊಳ್ಳಿ ಎಂದು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತಿರುತ್ತೇನೆ.) ಆಮೇಲಿನ ಏಳು ವರ್ಷ ಇವರು ಅಗಸೂರು ಬಿಟ್ಟು ಹೋದದ್ದೆಲ್ಲ ಆಸ್ಪತ್ರೆಗೇ. ಕಿಟಕಿಯಾಚೆ ಸಮುದ್ರ ಕಂಡರೂ ಅದು ಡಾಕ್ಟರರ ದಾರಿಯ ಸಮುದ್ರ. ಹಾಗಿರುವಾಗ ೨೦೨೪ರ ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ, "ಬನಶಂಕರಿ ಜಾತ್ರೆಯಲ್ಲಿ ಒಂದು ಕಂಪನಿ ನಾಟಕ ನೋಡಬೇಕು" ಅಂದರು. ಮದುವೆಗೆ ಮುಂಚೆ ಗೆಳೆಯರ ಜೊತೆ ಹೋಗಿ ಮೂರು ರಾತ್ರಿ ನಿದ್ದೆಗೆಟ್ಟು ನಾಟಕ ನೋಡಿ ಬಂದವರು ಅವರು. ನಾನು ಆಯಿತು ಅಂದೆ. ಅತ್ತೆ ಮಾತ್ರ ಎಂಟು ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ಅವರ ಹೆದರಿಕೆ ಸುಳ್ಳಲ್ಲ. ಬಿದ್ದ ಮೊದಲ ವರ್ಷ ಇವರಿಗೆ ಒತ್ತುಹುಣ್ಣು ಆಗಿ ಮಾಯಲು ಐದು ತಿಂಗಳು ಹಿಡಿದಿತ್ತು. ಬೋರಲು ಮಲಗಿಯೇ ಐದು ತಿಂಗಳು! ಸ್ಪರ್ಶವಿಲ್ಲದ ಮೈಗೆ ಕೂತ ಜಾಗ ನೋಯುತ್ತಿದೆ ಎಂಬುದು ತಿಳಿಯುವುದೇ ಇಲ್ಲ. ನಾವು ನೀವು ಒಂದೇ ಕಡೆ ಕೂತರೆ ತಿಳಿಯದೆಯೇ ಮಗ್ಗುಲು ಬದಲಿಸುತ್ತೇವೆ. ಅವರು ಬದಲಿಸುವುದಿಲ್ಲ. ಮೂಳೆಗೂ ಸೀಟಿಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಒಳಗೊಳಗೇ ಸಾಯುತ್ತದೆ. ಹಾಗಾಗಿ ನಮ್ಮ ಪ್ರಯಾಣದ ಗಡಿಯಾರ ಎಂದರೆ ಇವರ ಚರ್ಮ ಮತ್ತು ಮೂತ್ರಕೋಶ. ಊರುಗಳ ದೂರ ನೋಡಿ ನಿಲ್ಲುವ ಜಾಗ ಗೊತ್ತುಮಾಡಲಿಲ್ಲ, ಗಂಟೆ ನೋಡಿ ಮಾಡಿದೆವು.

ಅದಕ್ಕೇ ಮನೆಯನ್ನೇ ಜೊತೆಗೆ ಒಯ್ಯಬೇಕು ಎಂದು ತೀರ್ಮಾನವಾಯಿತು. ಲಾಡ್ಜಿನ ವಿಚಾರ ಮೊದಲೇ ಬಿಟ್ಟೆವು. ಹಿಂದೊಮ್ಮೆ ಆಸ್ಪತ್ರೆಗೆ ಹೋದಾಗ ಒಂದು ಊರಿನ ವಸತಿಗೃಹದಲ್ಲಿ "ಮೆಟ್ಟಿಲು ಬರೇ ಐದು" ಎಂದು ಕರೆದರು. ಒಳಗೆ ಹೋದರೆ ಬಚ್ಚಲಿನ ಬಾಗಿಲು ಇಪ್ಪತ್ತೆರಡು ಅಂಗುಲ, ನಮ್ಮ ಗಾಲಿಕುರ್ಚಿ ಇಪ್ಪತ್ತೈದು! ರೈಲು ಅಡ್ಡಿಯಿಲ್ಲ. ಅಂಗವಿಕಲರ ಡಬ್ಬಿಯಲ್ಲಿ ಅಗಲ ಬಾಗಿಲೂ ಅಗಲ ಪಾಯಖಾನೆಯೂ ಇರುತ್ತದೆ. ಜೊತೆಯವರಿಲ್ಲದೆ ಪ್ರಯಾಣ ಮಾಡಲಾಗದ ಇಂಥವರಿಗೂ, ಜೊತೆಗೆ ಹೋಗುವ ಒಬ್ಬರಿಗೂ, ಸ್ಲೀಪರಿನಲ್ಲಿ ನೂರಕ್ಕೆ ೭೫ ರಿಯಾಯಿತಿ ಇದೆ. ಆದರೆ ರೈಲು ನಮಗೆ ಬೇಕಾದಲ್ಲಿ ನಿಲ್ಲುವುದಿಲ್ಲವಲ್ಲ.

ನನ್ನ ತಂಗಿಯ ಓರಗಿತ್ತಿ ಅಮೆರಿಕದಲ್ಲಿದ್ದಾಳೆ. ಅಲ್ಲಿ ಮಲಗುವ ಮಂಚ, ಒಲೆ, ಪಾಯಖಾನೆ ಎಲ್ಲವೂ ಇರುವ ಗಾಡಿ ತೆಗೆದುಕೊಂಡು ಜನ ತಿಂಗಳುಗಟ್ಟಲೆ ತಿರುಗುತ್ತಾರಂತೆ. ಗಾಲಿಕುರ್ಚಿ ಎತ್ತಿ ಒಳಗಿಡುವ ಯಂತ್ರವನ್ನೂ ಅದಕ್ಕೆ ಹಾಕಿಸುತ್ತಾರೆ. ಕಾಯಂ ಅಂಗವಿಕಲತೆ ಇರುವ ಆ ದೇಶದವರಿಗೆ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಿಗೆ ಜೀವಮಾನಪೂರ್ತಿ ಪುಕ್ಕಟೆ ಪ್ರವೇಶದ ಪಾಸು ಕೊಡುತ್ತಾರೆ. ಇಲ್ಲಿಯೂ ಕೇರಳ ಸರ್ಕಾರ ೨೦೨೧ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಿತು, ನಮ್ಮ ರಾಜ್ಯದಲ್ಲೂ ಅಂಥ ಗಾಡಿ ಬಾಡಿಗೆಗೆ ಸಿಗುತ್ತವೆ. ಬಾಡಿಗೆ ನಮ್ಮ ನಿಮ್ಮ ಕೈಗೆ ಎಟುಕುವಂಥದ್ದಲ್ಲ. ಹೋಗಲಿ ಬಿಡಿ. ಘಟ್ಟದ ಮೇಲಿನ ರೈತರು ಸವದತ್ತಿಗೆ, ಬನಶಂಕರಿಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು, ಹುಲ್ಲು ಹಾಸಿ, ರೊಟ್ಟಿ ಬುತ್ತಿ ಹೇರಿ, ಬಂಡಿಯ ಅಡಿಯಲ್ಲೇ ಮಲಗಿ ಎದ್ದು ಜಾತ್ರೆ ಮಾಡಿಕೊಂಡು ಬರುತ್ತಿದ್ದದ್ದು ಎಷ್ಟು ತಲೆಮಾರಿನಿಂದ? ಅದೂ ಗಾಲಿಯ ಮೇಲಿನ ಮನೆಯೇ ಅಲ್ಲವೇ!

ನಮ್ಮ ಬಂಡಿ ನಾದಿನಿಯ ಮಗನ ಟ್ರ್ಯಾಕ್ಸ್. ಅದರ ಹಿಂಭಾಗದಲ್ಲಿ ಎದುರುಬದುರಾಗಿ ಎರಡು ಉದ್ದ ಸೀಟು. ಅವುಗಳ ನಡುವೆ ಮೂರು ಹಲಸಿನ ಹಲಗೆ ಅಡ್ಡ ಹಾಕಿ ಮೇಲೆ ಹತ್ತಿ ಹಾಸಿಗೆ ಹಾಸಿದರೆ ಮಂಚವಾಯಿತು. ಇವರು ಐದಡಿ ಮೂರಂಗುಲ, ಮೂಲೆಯಿಂದ ಮೂಲೆಗೆ ಮಲಗಿದರೆ ಕಾಲು ಚಾಚಲು ಬರುತ್ತದೆ. ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಸೀಟು ಕಿತ್ತು ಬೇರೆ ಜೋಡಿಸುವ ಯೋಚನೆ ಇದ್ದವರು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳಿ, ಅಪ್ಪಣೆ ಬೇಕಾಗುತ್ತದೆ. ಇನ್ನೊಂದು ಮಾತು. ಗಾಡಿ ಓಡುವಾಗ ಹಲಗೆಯ ಮೇಲೆ ಮಲಗಿಸುವುದು ಸಲ್ಲ, ಒಂದು ಬ್ರೇಕಿಗೆ ಉರುಳಿಬಿಡುತ್ತಾರೆ. ಓಡುವಾಗ ಮುಂದಿನ ಸೀಟು, ಬೆಲ್ಟು, ಅಡಿಗೆ ಗಾಳಿದಿಂಬು. ಕಾಲಿಗೆ ಸದಾ ಬೂಟು, ದಪ್ಪ ಕಾಲುಚೀಲ. ಎಂಜಿನ್ನಿನ ಬದಿಯ ತಗಡು ಕಾದಿರುತ್ತದೆ, ಸುಟ್ಟರೂ ಇವರಿಗೆ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲವನ್ನೂ ಇಂಥವರ ಕಾಲಿನ ಹತ್ತಿರ ಇಡಬಾರದು.

ಹತ್ತಿಸುವುದು ಹ್ಯಾಗೆ ಎಂಬುದೇ ದೊಡ್ಡ ತಲೆಬಿಸಿಯಾಗಿತ್ತು. ಇಳಿಜಾರು ಹಲಗೆ ಇಡಿ ಎಂದು ಎಲ್ಲರೂ ಹೇಳುವವರೇ. ಲೆಕ್ಕ ಹಾಕಿ ನೋಡಿ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದವಿದ್ದರೆ ಮಾತ್ರ ಗಾಲಿಕುರ್ಚಿ ಸಲೀಸಾಗಿ ಏರುತ್ತದೆ ಎಂಬುದು ನಿಯಮ. ಎರಡಡಿ ಎತ್ತರದ ಗಾಡಿಗೆ ಇಪ್ಪತ್ತನಾಲ್ಕು ಅಡಿ ಹಲಗೆ! ಅದನ್ನು ಹೊರಲು ಇನ್ನೊಂದು ಗಾಡಿ ಬೇಕು. ನಮ್ಮೂರಿನ ಬಡಗಿ ಒಂದು ಉಪಾಯ ಹೇಳಿದರು. ಎರಡೂವರೆ ಅಡಿ ಉದ್ದ, ಒಂಬತ್ತು ಅಂಗುಲ ಅಗಲದ ಸಾಗುವಾನಿ ಹಲಗೆಯನ್ನು ಅಂಚು ಉರುಟು ಮಾಡಿ, ಕನ್ನಡಿಯ ಹಾಗೆ ನಯ ಮಾಡಿಕೊಟ್ಟರು. ಗಾಲಿಕುರ್ಚಿಯಿಂದ ಸೀಟಿಗೆ ಅದನ್ನು ಸೇತುವೆ ಇಟ್ಟರೆ ಇವರು ಕೈಯೂರಿ ಜಾರಿಕೊಂಡು ಹೋಗುತ್ತಾರೆ. ಎರಡೂ ಒಂದೇ ಎತ್ತರ ಇರಬೇಕು, ಅಷ್ಟೆ. ಮನೆಯಲ್ಲಿ ಜಗಲಿಗೆ ಗಾಡಿ ತಾಗಿಸಿ ನಿಲ್ಲಿಸಿದೆವು. ದಾರಿಯಲ್ಲಿ ಎಲ್ಲಿ ಜಗಲಿಯೆತ್ತರದ ಕಟ್ಟೆ ಕಂಡರೂ, ಬಸ್ ತಂಗುದಾಣದ ಕಟ್ಟೆಯಿರಲಿ, ಗೋಡೌನಿನ ಮೂಟೆ ಇಳಿಸುವ ಕಟ್ಟೆಯಿರಲಿ, ನಾದಿನಿಯ ಮಗ "ಮಾಮಾ, ಜಗಲಿ!" ಎಂದು ಕೂಗುತ್ತಿದ್ದ.

೨೦೨೫ರಲ್ಲಿ ಬನದ ಹುಣ್ಣಿಮೆ ಜನವರಿ ೧೩ಕ್ಕೆ ಬಂದಿತ್ತು. ತೇರಿನ ದಿನದ ನೂಕುನುಗ್ಗಲು ನಮಗೆ ಆಗುವುದಲ್ಲ. ಜಾತ್ರೆ ಹೇಗೂ ವಾರಗಟ್ಟಲೆ ನಡೆಯುತ್ತದೆ, ನಾಟಕಗಳೂ ಇರುತ್ತವೆ. ೧೭ರ ಬೆಳಿಗ್ಗೆ ಐದಕ್ಕೆ ಹೊರಟೆವು. ಪುಷ್ಯಮಾಸದ ತಂಪು ಇಂಥವರಿಗೆ ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ೨೦೨೪ರ ಜುಲೈ ೧೬ರಂದು ನಮ್ಮ ಗಂಗಾವಳಿಯ ದಂಡೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳೇ ಹೋದವು, ರಸ್ತೆ ಎಷ್ಟೋ ದಿನ ಬಂದಾಯಿತು. ಔಷಧಿ, ನೀರು ಲೆಕ್ಕ ಹಾಕಿ ಬದುಕುವವರು ಅಂಥಲ್ಲಿ ಸಿಕ್ಕಿಕೊಂಡರೆ ಗತಿ ಏನು?

ಸುಂಕಸಾಳ, ರಾಮನಗುಳಿ ದಾಟಿ ಅರಬೈಲ್ ಘಟ್ಟ. ತಿರುವುಗಳಲ್ಲಿ ಇವರಿಗೆ ಸೊಂಟದ ಹಿಡಿತ ಇಲ್ಲ, ಎರಡೂ ಪಕ್ಕಕ್ಕೆ ದಿಂಬು ತುರುಕಿದ್ದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈಯೆತ್ತಿ, ಒಂದೆರಡು ನಿಮಿಷ ಹಾಗೇ ಹಿಡಿಯಬೇಕು. ಆಗದಿದ್ದರೆ ಮುಂದಕ್ಕೆ ಬಾಗಬೇಕು. ಯಲ್ಲಾಪುರದಲ್ಲಿ ಏಳು ಗಂಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಇವರಿಗೆ ಮೂತ್ರ ತಾನಾಗಿ ಆಗುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ನಳಿಕೆ ಹಾಕಿ ತೆಗೆಯಬೇಕು. ಕೈ ಸಾಬೂನಿನಲ್ಲಿ ಚೆನ್ನಾಗಿ ತೊಳೆದಿರಬೇಕು, ನಳಿಕೆ ಶುದ್ಧವಿರಬೇಕು. ಗಾಡಿಯ ಕಿಟಕಿಗೆಲ್ಲ ನನ್ನ ಹಳೇ ವಾಯಿಲ್ ಸೀರೆಯ ಪರದೆ ಹೊಲಿದಿದ್ದೆ, ಅಷ್ಟಾದರೆ ಪಾಯಖಾನೆ ಹುಡುಕುವ ಗೋಜಿಲ್ಲ. ಪ್ರಯಾಣ ಎಂದು ನೀರು ಕುಡಿಯುವುದನ್ನು ಕಡಿಮೆ ಮಾಡಿಸುವವರಿದ್ದಾರೆ. ಹಾಗೆ ಮಾಡಬೇಡಿ, ಸೋಂಕು ಹಿಡಿದು ಜ್ವರ ಬರುತ್ತದೆ. ಇನ್ನು ಹೊಟ್ಟೆಯ ಕೆಲಸ. ಅದು ಮನೆಯಲ್ಲಿ ಯಾವ ಹೊತ್ತಿಗೋ ದಾರಿಯಲ್ಲೂ ಅದೇ ಹೊತ್ತಿಗೆ. ಬೆಳಿಗ್ಗೆ ಬಿಸಿ ಏನಾದರೂ ಹೊಟ್ಟೆಗೆ ಬಿದ್ದ ಅರ್ಧ ಗಂಟೆಗೆ ಕೂರಿಸಿದರೆ ಕರುಳು ತಾನೇ ಎಚ್ಚರಗೊಳ್ಳುತ್ತದೆ. ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊರೆಸಿ, ಅಂಚಿಗೆ ಸೈಕಲ್ ಟ್ಯೂಬು ಸುತ್ತಿ, ಅಡಿಗೆ ಮುಚ್ಚಳದ ಬಕೆಟ್ಟು ಇಟ್ಟೆವು.

ಪೆಟ್ಟು ಎದೆಯಿಂದ ಮೇಲೆ ಆದವರ ಮನೆಯವರು ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಮೂತ್ರ ಕಟ್ಟಿದರೆ ಅವರಿಗೆ ಒಮ್ಮೆಲೇ ತಲೆ ಸಿಡಿದು, ಮುಖ ಕೆಂಪಾಗಿ, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಆಗ ಮಲಗಿಸಬಾರದು, ನೆಟ್ಟಗೆ ಕೂರಿಸಿ ಮೊದಲು ಮೂತ್ರ ತೆಗೆಯಬೇಕು. ತಗ್ಗದಿದ್ದರೆ ೧೦೮.

ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮನೆ ಮಾಳಿಗೆಯ ಮೇಲೆ. ಹಾಗಾಗಿ ಅವಳೇ ಕೆಳಗಿಳಿದು ಬಂದಳು, ನಾವು ಅಂಗಳದಲ್ಲಿ ಗಾಡಿಯಲ್ಲೇ ಮಲಗಿದೆವು. ರಾತ್ರಿ ಎರಡು ಗಂಟೆಗೊಮ್ಮೆ ಇವರ ಮಗ್ಗುಲು ಹೊರಳಿಸಲು ನನಗೆ ಅಲಾರಂ ಬೇಕಾಗಿಲ್ಲ, ಏಳು ವರ್ಷದ ರೂಢಿ. ಮರುದಿನ ನವಲಗುಂದ, ನರಗುಂದ, ಕುಳಗೇರಿ ಕ್ರಾಸಿನ ದಾರಿ. ಎರೆಭೂಮಿಯಲ್ಲಿ ನೆರಳಿಗೆ ಒಂದು ಮರ ಸಿಗಬೇಕಾದರೆ ಎಷ್ಟೋ ಮೈಲಿ ನೋಡಬೇಕು. ನಮ್ಮ ಕಡೆಯವರಿಗೆ ಅದು ಅಂದಾಜಾಗುವುದಿಲ್ಲ, ಗಾಡಿಗೆ ಕಟ್ಟಲು ಒಂದು ತಾಡಪಾಲು ಇರಲಿ.

ದಾರಿಯ ಊಟಕ್ಕೆ ಮೆಂತೆಹಿಟ್ಟು ಮಾಡಿಕೊಂಡಿದ್ದೆ. ಕೆಡುವುದಿಲ್ಲ, ಒಲೆಯೂ ಬೇಡ. ಒಂದು ಲೋಟ ಕಡಲೆಬೇಳೆ, ಅರ್ಧ ಲೋಟ ಉದ್ದಿನಬೇಳೆ, ಒಂದು ಹಿಡಿ ಗೋಧಿ, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಮೆಂತೆ, ಒಂದು ಚಮಚ ಜೀರಿಗೆ, ಐದಾರು ಒಣಮೆಣಸು, ಎಲ್ಲವನ್ನೂ ಬೇರೆ ಬೇರೆ ಕೆಂಪಗೆ ಹುರಿದು, ಚಿಟಿಕೆ ಅರಿಶಿನ ಸೇರಿಸಿ ನುಣ್ಣಗೆ ಬೀಸಿಡಿ. ಹೊತ್ತಿಗೆ ಗಟ್ಟಿ ಮಜ್ಜಿಗೆಯಲ್ಲಿ ಕಲಸಿ ಉಪ್ಪು ಹಾಕಿದರಾಯಿತು, ಅನ್ನಕ್ಕೂ ಅವಲಕ್ಕಿಗೂ ಸೈ. ಬನಶಂಕರಿಯಲ್ಲಂತೂ ಅಡಿಗೆಯ ಚಿಂತೆಯೇ ಇಲ್ಲ. ಸುತ್ತಲ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ, ಗಡಿಗೆ ಮೊಸರು ಹೊತ್ತು ತರುತ್ತಾರೆ. ಪುಂಡಿ ಸೊಪ್ಪು ಹೊಟ್ಟೆಯ ಕೆಲಸಕ್ಕೂ ಒಳ್ಳೆಯದು.

ಸಂಜೆ ಹೊಲದ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಇವರನ್ನು ಮಲಗಿಸಿ, ದಿನದ ಹಾಗೆ ಮೈ ನೋಡಿದೆ. ಬಲಗಡೆ, ಕೂತುಕೊಳ್ಳುವ ಮೂಳೆಯ ಮೇಲೆ, ನಾಲ್ಕಾಣೆಯಷ್ಟು ಕೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಭಯ ಕಡಿಮೆ. ಇದು ಬಿಳಿಚಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೂ ಹಾಗೆಯೇ. ಇಂಥದ್ದನ್ನು ಉಜ್ಜಲೂ ಬಾರದು, ಎಣ್ಣೆ ತಿಕ್ಕಲೂ ಬಾರದು. ಒಂದೇ ಮದ್ದು, ಅದರ ಮೇಲೆ ಭಾರ ಬೀಳಬಾರದು.

ನಾಟಕದ ಮೊದಲ ಗಂಟೆ ಹೊಡೆದದ್ದು ಗಾಡಿಗೆ ಕೇಳಿಸುತ್ತಿತ್ತು. ಇವರು ನನ್ನ ಮುಖ ನೋಡಿದರು. "ಇವತ್ತಾಗುವುದಿಲ್ಲ" ಅಂದೆ. "ಒಂದು ತಾಸು ಮಾತ್ರ ಕೂರ್ತೇನೆ" ಅಂದರು. ಅಲ್ಲ, ನೀವೇ ಹೇಳಿ, ಇನ್ನೂರು ಚಿಲ್ಲರೆ ಕಿಲೋಮೀಟರು ಕರಕೊಂಡು ಬಂದು, ಕೂಗಳತೆಯಲ್ಲಿ ನಾಟಕವಿರುವಾಗ ಬೇಡ ಎನ್ನುವುದು ಎಂಥ ಕಷ್ಟ! ಆದರೂ ಬೇಡವೆಂದೆ. ಅಳಿಯ ಗಾಡಿಯನ್ನು ತಿರುಗಿಸಿ, ಹಿಂಬಾಗಿಲು ಡೇರೆಯ ಕಡೆ ಬರುವ ಹಾಗೆ ನಿಲ್ಲಿಸಿದ. ಬಾಗಿಲು ತೆರೆದು, ಎದೆಯಡಿಗೆ ದಿಂಬಿಟ್ಟು ಬೋರಲು ಮಲಗಿಸಿದೆವು. ಪರದೆ ಕಾಣದು, ಬಣ್ಣ ಕಾಣದು. ಹಾರ್ಮೋನಿಯಂ, ಮಾತು, ಜನರ ನಗು ಮಾತ್ರ. ಇವರು ಕೇಳುತ್ತಾ ಕೇಳುತ್ತಾ ಹಾಸ್ಯದವನ ಮಾತಿಗೆ ಜನರಿಗಿಂತ ಅರೆಕ್ಷಣ ಮೊದಲೇ ನಗತೊಡಗಿದರು. ಹಿಂದೆ ನೋಡಿದ ನಾಟಕವೇ ಇರಬೇಕು.

ಪಕ್ಕದಲ್ಲಿ ಒಂದು ಟ್ರ್ಯಾಕ್ಟರ್ ಸಂಸಾರ ಇಳಿದಿತ್ತು. ಆ ಮನೆಯ ಯಜಮಾನಿ ಬಂದು ನೋಡಿ, "ನಾವೂ ನಮ್ಮತ್ತೀನ್ನ ಹಿಂಗ ತಂದೇವ್ರೀ, ಲಕ್ವಾ ಹೊಡದೈತಿ" ಅಂದಳು. ಟ್ರೇಲರಿನಲ್ಲಿ ಕಣಿಕೆ ಹಾಸಿ, ಮೇಲೆ ಕೌದಿ ಹಾಕಿ ಮುದುಕಿಯನ್ನು ಮಲಗಿಸಿದ್ದರು. ಪ್ರತಿ ವರ್ಷ ತರುತ್ತಾರಂತೆ. ತರುವುದು ಹ್ಯಾಗೆ, ಏನಾದರೂ ಆದರೆ ಎಂದು ಯಾರೂ ಕೇಳುವುದಿಲ್ಲವೇ ಎಂದೆ. "ಆಕೀನ ಬಿಟ್ಟು ನಾವರ ಹೆಂಗ ಬರೂಣ್ರೀ?" ಅಂದಳು. ನನಗೆ ನಮ್ಮತ್ತೆಯ ನೆನಪಾಯಿತು.

ಮರುದಿನವಿಡೀ ಇವರು ಬೋರಲು, ಪಕ್ಕ, ಬೋರಲು. ಸಂಜೆ ಐದಕ್ಕೆ ಕೆಂಪು ಪೂರ್ತಿ ಹೋಗಿತ್ತು, ಎರಡೆರಡು ಸಲ ಕನ್ನಡಿ ಹಿಡಿದು ಅವರಿಗೂ ತೋರಿಸಿದೆ. ಆಮೇಲೆ ಹೊರಟೆವು. ಸಡಿಲು ಮಣ್ಣಿನಲ್ಲಿ ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಹೂತುಕೊಳ್ಳುತ್ತದೆ. ಅಂಥಲ್ಲಿ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಹಿಮ್ಮುಖವಾಗಿ ಎಳೆಯಬೇಕು. ಅದೂ ಆಗದ ಕಡೆ ಟ್ರ್ಯಾಕ್ಟರಿನ ಹುಡುಗರು ನಾಲ್ಕು ಗೋಣಿಚೀಲ ತಂದು ಹಾಸಿದರು, ಹಿಂದಿನದನ್ನು ತೆಗೆದು ಮುಂದೆ, ಹಿಂದಿನದನ್ನು ತೆಗೆದು ಮುಂದೆ. ದಾರಿಯಲ್ಲಿ ಮಾರಾಟಕ್ಕಿಟ್ಟ ಕಟ್ಟಿಗೆಯ ಬಾಗಿಲು ಚೌಕಟ್ಟುಗಳ ಸಾಲು ಬಂತು. ಆ ಜಾತ್ರೆ ಅದಕ್ಕೆ ಹೆಸರುವಾಸಿ. ಇವರು ಒಂದೊಂದನ್ನೂ ಮುಟ್ಟಿ, ಅಗಲ ಅಳೆದು, "ಇದರಲ್ಲಿ ಕುರ್ಚಿ ಹೋಗ್ತದೆ, ಇದರಲ್ಲಿ ಹೋಗೂದಿಲ್ಲ" ಎಂದು ಹೇಳುತ್ತಾ ಬಂದರು. ಡೇರೆಯ ಬಾಗಿಲಲ್ಲಿದ್ದವನು ಏನೂ ಕೇಳದೆ ಮುಂದಿನ ಸಾಲಿನ ಎರಡು ಕುರ್ಚಿ ಎತ್ತಿ ಜಾಗ ಮಾಡಿದ. ಕಾಲು ಗಂಟೆಗೊಮ್ಮೆ ನಾನು ಮೊಣಕೈ ತಿವಿದರೆ ಇವರು ಕೈಯೂರಿ ಮೈಯೆತ್ತುವುದು, ಕಣ್ಣು ಮಾತ್ರ ರಂಗದ ಮೇಲೆ.

ಬೇರೆ ಕಾಯಿಲೆಯವರ ಮನೆಯಲ್ಲಿ ಲೆಕ್ಕ ಬೇರೆ ಇರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡಬಾರದು, ಮಂಜುಗಡ್ಡೆಗೆ ತಾಗಿಸಲೂಬಾರದು. ನೀರು ತುಂಬಿದ ಮಣ್ಣಿನ ಗಡಿಗೆಯೊಳಗೆ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಸಾಕಷ್ಟು ತಂಪಿರುತ್ತದೆ. ಡಯಾಲಿಸಿಸ್ ಇರುವವರು ಎರಡು ಸರದಿಗಳ ನಡುವೆ ಹೋಗಿ ಬರುವ ದೂರ ನೋಡಿಕೊಳ್ಳಬೇಕು. ಔಷಧಿ ಯಾರದೇ ಆಗಲಿ ಎರಡು ಪಾಲು ಮಾಡಿ ಎರಡು ಚೀಲದಲ್ಲಿ, ಚೀಟಿಯ ನಕಲು ಎರಡರಲ್ಲೂ. ೧೯೯೫ರ ಕಾಯ್ದೆ ಏಳು ಬಗೆಯ ಅಂಗವಿಕಲತೆಯನ್ನಷ್ಟೇ ಹೇಳುತ್ತಿತ್ತು. ೨೦೧೬ರ ಕಾಯ್ದೆಯಲ್ಲಿ ೨೧ ಇವೆ. ಪಾರ್ಕಿನ್ಸನ್, ಥಲಸ್ಸೇಮಿಯಾ, ಕುಸುಮರೋಗದಂಥ ದೀರ್ಘ ಕಾಯಿಲೆಗಳೂ ಸೇರಿವೆ. ಗುರುತಿನ ಕಾರ್ಡು ಮಾಡಿಸದವರು ಮಾಡಿಸಿಕೊಳ್ಳಿ, ದಾರಿಯಲ್ಲಿ ವಾದ ಮಾಡುವುದು ತಪ್ಪುತ್ತದೆ.

ಖರ್ಚಿನ ಮಾತು. ಗಾಡಿ ಮನೆಯದಾದ್ದರಿಂದ ನಮಗೆ ಡೀಸೆಲ್ ಮತ್ತು ಊಟದ ಖರ್ಚು ಮಾತ್ರ ಬಿತ್ತು. ಬಾಡಿಗೆಗೆ ಹಿಡಿಯುವವರು ಮೂರು ವಿಷಯ ಮೊದಲೇ ಮಾತಾಡಿಕೊಳ್ಳಿ. ರಾತ್ರಿ ಗಾಡಿಯಲ್ಲೇ ಮಲಗುತ್ತೇವೆಂದು, ಎರಡು ಗಂಟೆಗೊಮ್ಮೆ ನಿಲ್ಲಿಸಬೇಕೆಂದು, ಡ್ರೈವರು ಎತ್ತಲು ಒಂದು ಕೈ ಕೊಡಬೇಕೆಂದು. ಮೂರನೆಯದಕ್ಕೆ ಮುಖ ಗಂಟಿಕ್ಕುವವನ ಗಾಡಿ ಬೇಡ. ಜಾರುಹಲಗೆಯ ಅಳತೆ ಮೇಲೆ ಕೊಟ್ಟಿದ್ದೇನೆ, ನಿಮ್ಮೂರ ಬಡಗಿಯೇ ಮಾಡಿಕೊಡಬಹುದು. ಒಂದು ಸಿಬಿರೂ ಇಲ್ಲದ ಹಾಗೆ ಮರಳುಕಾಗದ ಹೊಡೆಸಿ, ಮೊದಲ ಸಲ ಬಳಸುವ ಮುಂಚೆ ನಿಮ್ಮ ಅಂಗೈಯನ್ನು ಅದರ ಮೇಲೆ ಉದ್ದಕ್ಕೂ ಎಳೆದು ನೋಡಿಕೊಳ್ಳಿ.